ಅಂಗಳಕ್ಕೆ ಬಂದ ಬಾತನ್ನು ಕೆರೆಗೆ ಬಿಡಬೇಡಿ

ನಾನಿರುವ ಕೇರಳದ ಆಲಪ್ಪುಳದಲ್ಲಿ ಬಾತೊಂದು ದಾರಿ ತಪ್ಪಿ ಯಾರದೋ ಅಂಗಳಕ್ಕೆ ಬಂದರೆ ಅದು ಸುದ್ದಿಯಲ್ಲ. ಇಲ್ಲಿನ ಕುಟ್ಟನಾಡು ಎಂಬ ಭತ್ತದ ಸೀಮೆಯ ಗದ್ದೆಗಳಲ್ಲಿ ಕೊಯ್ಲು ಮುಗಿದೊಡನೆ ಸಾಕಣೆಗಾರರು ಬಾತಿನ ದೊಡ್ಡ ಹಿಂಡುಗಳನ್ನು ಇಳಿಸುತ್ತಾರೆ. ಉದುರಿದ ಕಾಳು, ಬಸವನಹುಳು, ಹುಳಹುಪ್ಪಟೆ ತಿನ್ನುತ್ತಾ ಹಿಂಡು ಒಂದು ಗದ್ದೆಯಿಂದ ಇನ್ನೊಂದಕ್ಕೆ ಸಾಗುತ್ತದೆ; ಕಾಲುವೆ ಅಡ್ಡ ಬಂದರೆ ಚಿಕ್ಕ ದೋಣಿಯಲ್ಲಿ ಕುಳಿತವನು ಉದ್ದನೆಯ ಕೋಲಿನಿಂದ ಅದನ್ನು ಈಜಿಸಿಕೊಂಡು ಹೋಗುತ್ತಾನೆ. ಹಿಂದೆ ಉಳಿದ ಹಕ್ಕಿ ಮನೆಯೊಂದನ್ನು ಹೊಕ್ಕರೆ ಅಲ್ಲಿನವರು ಅದನ್ನು ಮಂಕರಿಯಡಿ ಮುಚ್ಚಿಟ್ಟು, ಹಿಂಡು ಯಾರದೆಂದು ವಿಚಾರಿಸುತ್ತಾರೆ. ಬಾತಿಗೆ ಒಡೆಯನಿರುತ್ತಾನೆ ಎಂಬುದು ಅವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಕಳೆದ ಮಳೆಗಾಲದಲ್ಲಿ ಮೈಸೂರಿಗೆ ಬಂದಿದ್ದಾಗ ಕುವೆಂಪುನಗರದ ಅಕ್ಕನ ಮನೆಯ ಕಾಂಪೌಂಡಿಗೆ ಬಿಳಿ ಬಾತೊಂದು ಬಂತು. ಸಂಪಿನ ಪಕ್ಕದ ಕೊಚ್ಚೆಯಲ್ಲಿ ಕೊಕ್ಕಾಡಿಸುತ್ತಿದ್ದ ಅದನ್ನು ನೋಡಲು ಅಕ್ಕಪಕ್ಕದವರೆಲ್ಲ ಸೇರಿದರು. ಒಬ್ಬರು ಬ್ರೆಡ್ ತಂದರು, ಇನ್ನೊಬ್ಬರು ಕಡ್ಲೆಪುರಿ. ಎದುರು ಮನೆಯ ಹಿರಿಯರು, ‘ಪಾಪ, ಮೂಕಪ್ರಾಣಿ. ಕುಕ್ಕರಹಳ್ಳಿ ಕೆರೆಗೆ ಬಿಟ್ಟುಬಿಡಿ ತಾಯಿ, ಅದರ ಪಾಡಿಗೆ ಅದು ಸುಖವಾಗಿರುತ್ತದೆ’ ಎಂದು ಅಕ್ಕನಿಗೆ ಹೇಳಿದರು. ಎಲ್ಲರೂ ತಲೆಯಾಡಿಸಿದರು. ಅವರ ಕರುಣೆ ನಿಜವಾದದ್ದು. ಅದಕ್ಕಾಗಿಯೇ ಈ ಮಾತನ್ನು ಬಿಡಿಸಿ ಹೇಳಬೇಕೆನಿಸಿದೆ: ಸಾಕಿದ ಬಾತಿಗೆ ಕೆರೆ ತವರಲ್ಲ.

ಬಿಳಿ ಬಾತು ಮನುಷ್ಯನು ಮಾಂಸಕ್ಕೂ ಮೊಟ್ಟೆಗೂ ಬೆಳೆಸಿದ ತಳಿ. ಮೈ ಭಾರ, ರೆಕ್ಕೆಗೆ ಬಲ ಸಾಲದು, ನಾಲ್ಕಡಿ ಹಾರುವುದೂ ಕಷ್ಟ. ದಡದಲ್ಲಿ ಬೀದಿನಾಯಿ ಎರಗಿದರೆ ಅದು ಎತ್ತ ಹೋಗಬೇಕು? ಮೈಬಣ್ಣವೂ ಅದನ್ನು ಮರೆಮಾಡುವುದಿಲ್ಲ. ಕಾಳು ಹಾಕುವ ಕೈಯನ್ನು ಕಾದೇ ಬೆಳೆದ ಹಕ್ಕಿ, ತಾನಾಗಿ ಮೇವು ಹುಡುಕಿ ಬದುಕುವುದು ಕಷ್ಟ. ಇನ್ನು ಕೆರೆಯ ಕಡೆಯಿಂದ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯಲ್ಲಿ ನಮ್ಮವೇ ಆದ ಕಾಡುಬಾತುಗಳಿವೆ, ಹೆಜ್ಜಾರ್ಲೆಗಳಿವೆ, ನೀರುಕಾಗೆಗಳಿವೆ. ಬಾತುಗಳು ಕಾಯಿಲೆಯ ಯಾವ ಲಕ್ಷಣವನ್ನೂ ತೋರದೆ ಹಕ್ಕಿಜ್ವರದ ವೈರಾಣುವನ್ನು ಹೊತ್ತು ತಿರುಗಬಲ್ಲವು. 2017ರ ಜನವರಿಯಲ್ಲಿ ಇದೇ ಜ್ವರಕ್ಕೆ ಮೈಸೂರು ಮೃಗಾಲಯವನ್ನು ಒಂದು ತಿಂಗಳು ಮುಚ್ಚಿದ್ದು ಊರಿಗೆ ಮರೆತಿರಲಾರದು. 2014ರ ನವೆಂಬರಿನಲ್ಲಿ ಕುಟ್ಟನಾಡಿನಲ್ಲೂ ಹಕ್ಕಿಜ್ವರ ಕಾಣಿಸಿಕೊಂಡಾಗ ಬಾತುಗಳನ್ನು ರಾಶಿ ಹಾಕಿ ಸುಟ್ಟರು. ಹಿಂಡನ್ನೇ ನಂಬಿ ಬದುಕುತ್ತಿದ್ದ ಮನೆಗಳು ಒಂದೇ ವಾರದಲ್ಲಿ ಬರಿದಾದವು. ಎಲ್ಲಿಂದ ಬಂತೆಂದು ತಿಳಿಯದ ಸಾಕುಹಕ್ಕಿಯನ್ನು ಕಾಡುಹಕ್ಕಿಗಳ ನಡುವೆ ಬಿಡುವ ಮಾತು ಕೇಳಿದಾಗ ನನಗೆ ಮೊದಲು ಕಣ್ಣಿಗೆ ಕಟ್ಟುವುದು ಆ ಹೊಗೆ.

ಹಾಗಾದರೆ ಏನು ಮಾಡಬೇಕು? ಮೊದಲು ಹಕ್ಕಿ ಯಾವುದೆಂದು ನೋಡಿ. ಬಿಳಿಯದಾದರೆ, ಅಥವಾ ಮುಖದ ಮೇಲೆ ಕೆಂಪು ಗಂಟುಗಳಿದ್ದರೆ, ಅದು ಸಾಕಿದ್ದು. ಕಂದು ಮೈ, ಹಳದಿ ತುದಿಯ ಕಪ್ಪು ಕೊಕ್ಕು, ಕಿತ್ತಳೆ ಕಾಲು ಇದ್ದರೆ ಅದು ನಮ್ಮ ಕೆರೆಗಳ ವರಟೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಾಯುತ್ತದೆ, ಹಿಡಿದು ಸಾಕುವಂತಿಲ್ಲ. ಆರೋಗ್ಯವಾಗಿದ್ದರೆ ತಾನೇ ಹಾರಿಹೋಗುತ್ತದೆ, ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ.

ಸಾಕಿದ ಬಾತಾದರೆ ನಾಯಿಗಳಿಂದ ದೂರವಿಡುವುದೇ ಮೊದಲ ಕೆಲಸ. ಕಾಲು ಹಿಡಿದು ಎತ್ತಬೇಡಿ, ಬಾತಿನ ಕಾಲು ಬಹಳ ನಾಜೂಕು. ಎರಡು ರೆಕ್ಕೆಗಳನ್ನೂ ಮೈಗೆ ಒತ್ತಿ, ಹೊಟ್ಟೆಯಡಿ ಕೈಕೊಟ್ಟು ಎತ್ತಬೇಕು. ತಲೆ ಮುಳುಗುವಷ್ಟು ನೀರಿರುವ ಬೋಗುಣಿ ಇಡಿ. ಕಣ್ಣು, ಮೂಗಿನ ಹೊಳ್ಳೆ ತೊಳೆದುಕೊಳ್ಳಲು ಅದಕ್ಕೆ ಅಷ್ಟಾದರೂ ಆಳ ಬೇಕು. ಬ್ರೆಡ್ಡೂ ಬೇಡ, ಪುರಿಯೂ ಬೇಡ. ಭತ್ತ, ರಾಗಿ, ಸಣ್ಣಗೆ ಹೆಚ್ಚಿದ ಸೊಪ್ಪು ಸಾಕು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಆಮೇಲೆ ಒಡೆಯನನ್ನು ಹುಡುಕಿ: ಬೀದಿಯ ವಾಟ್ಸ್ಆ್ಯಪ್ ಗುಂಪು, ಹತ್ತಿರದ ಕೋಳಿ ಅಂಗಡಿ, ಹಾಲಿನವರು, ಪೇಪರ್ ಹಾಕುವ ಹುಡುಗರು. ಯಾರ ಮನೆಯಲ್ಲಿ ಏನು ಸಾಕಿದ್ದಾರೆಂಬುದು ಹಾಲಿನವರಿಗೆ ಗೊತ್ತಿರುವಷ್ಟು ಪಾಲಿಕೆಗೂ ಗೊತ್ತಿರುವುದಿಲ್ಲ.

ಆಲಪ್ಪುಳದ ಎಲ್ಲವನ್ನೂ ಮೈಸೂರು ಕಲಿಯಬೇಕೆಂದು ನಾನು ಹೇಳುತ್ತಿಲ್ಲ. ಅಲ್ಲಿ ಒಡೆಯ ಸಿಗದ ಬಾತು ಮಸಾಲೆಗೆ ಹೋಗುವುದೇ ಹೆಚ್ಚು. ಅಕ್ಕನ ಅಂಗಳದಲ್ಲಿ ನೆರೆದವರಲ್ಲಿ ಒಬ್ಬರ ಬಾಯಿಂದಲೂ ಕೊಯ್ಯುವ ಮಾತು ಬರಲಿಲ್ಲ ಎಂಬುದು ನನಗೆ ಹೆಮ್ಮೆಯ ಸಂಗತಿ. ಆ ಮರುಕಕ್ಕೆ ಕುಟ್ಟನಾಡಿನವರ ತಿಳಿವಳಿಕೆ ಕೂಡಬೇಕು, ಅಷ್ಟೇ ನನ್ನ ಆಸೆ. ಆ ತಿಳಿವಳಿಕೆಗೆ ಕೇರಳದವರೆಗೆ ಹೋಗಬೇಕಾಗಿಯೂ ಇಲ್ಲ. ಮಂಡ್ಯ, ಶ್ರೀರಂಗಪಟ್ಟಣದ ಕಡೆಯ ನಾಲೆ ಬಯಲಿನ ಹಳ್ಳಿಗಳಲ್ಲಿ ಕೋಳಿಯ ಜೊತೆ ಬಾತು ಸಾಕುವವರಿದ್ದಾರೆ. ಅಕ್ಕನ ಬಾತಿಗೆ ವಾರ ಕಾದರೂ ಒಡೆಯ ಸಿಗಲಿಲ್ಲ. ಹಾಲು ಹಾಕುವವರೇ ತಮ್ಮ ನೆಂಟರ ಊರಿನ, ನಾಲೆ ಪಕ್ಕದ ಗದ್ದೆಮನೆಯೊಂದಕ್ಕೆ ಕೊಡಿಸಿದರು. ಅಲ್ಲಿ ಮೊದಲೇ ಬಾತುಗಳಿದ್ದವು. ಒಂಟಿ ಬಾತು ಸೊರಗುತ್ತದೆ, ಅದಕ್ಕೆ ಜೊತೆ ಬೇಕು.

ಒಂದು ಎಚ್ಚರಿಕೆ ಮಾತ್ರ ಉಳಿದಿದೆ. ಬಾತು ಕತ್ತು ತಿರುಚಿಕೊಂಡು ತೂರಾಡುತ್ತಿದ್ದರೆ, ಅಥವಾ ಸುತ್ತಮುತ್ತ ಕಾಗೆ, ಕೋಳಿಗಳು ಸತ್ತು ಬಿದ್ದಿದ್ದರೆ, ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಒಳಗೆ ಕರೆದುಕೊಳ್ಳಿ, ಕೂಡಲೇ ಪಶು ಆಸ್ಪತ್ರೆಗೆ ಫೋನ್ ಮಾಡಿ. ಅವರು ಬರುವವರೆಗೆ ಗೇಟು ಹಾಕಿರಲಿ.