ಕಿಸೆ ಇರುವ ಕೌದಿ

ನಮ್ಮ ಮನೆಯಲ್ಲಿ ಬಟ್ಟೆಗೆ ಸಾವಿಲ್ಲ. ಸೀರೆ ಹಳೆಯದಾದರೆ ಕೌದಿ. ಕೌದಿ ಹರಿದರೆ ಇನ್ನೊಂದು ಕೌದಿಯ ಹೊಟ್ಟೆಗೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಮುಳುಗಡೆಯಾಗಿ ನವನಗರಕ್ಕೆ ಬರುವಾಗ ಅಪ್ಪ ಬಾಗಿಲು, ಚೌಕಟ್ಟು ಬಿಚ್ಚಿ ತಂದರು. ಅವ್ವ ತಂದದ್ದು ಒಂದು ಟ್ರಂಕ್ ಚಿಂದಿ. ಬಾಗಿಲಿಗೆ ಗೆದ್ದಲು ಹಿಡಿದು ಯಾವ ಕಾಲವಾಯಿತೋ. ಟ್ರಂಕ್ ಮಾತ್ರ ಇನ್ನೂ ಭರ್ತಿ ಇದೆ.

ಕೌದಿ ವಿಷಯದಲ್ಲಿ ಅವ್ವನ ಲೆಕ್ಕ ಪಕ್ಕಾ. ಇಳಕಲ್ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಉಟ್ಟು ಉಟ್ಟು ಮೆತ್ತಗಾದ ಒಡಲು ಅಡಿಗೆ, ಕೆಂಪು ರೇಷ್ಮೆ ಸೆರಗು ಮೇಲೆ, ನಾಲ್ಕು ಜನ ನೋಡುವ ಕಡೆ. ನಡುವೆ ಅಪ್ಪನ ಧೋತರ, ಲುಂಗಿ, ಸಿಕ್ಕಿದ್ದೆಲ್ಲ. ಆಮೇಲೆ ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಸೂಜಿ ಓಡುತ್ತದೆ. ಅದನ್ನು ಹೊದ್ದರೆ ಮಗ್ಗುಲಾಗಲು ಎರಡು ಸಲ ಯೋಚನೆ ಮಾಡಬೇಕು, ಅಷ್ಟು ಭಾರ.

ಇಲ್ಲಿಯವರೆಗೆ ಸರಿ ಇತ್ತು. ನನ್ನ ಮಗಳು ಸುಮ್ನೆ ಇರದೆ ಮೊಬೈಲ್‌ನಲ್ಲಿ ಗುಳೇದಗುಡ್ಡ ಖಣದ ತುಂಡುಗಳಿಂದ ಮಾಡಿದ ಪರ್ಸ್ ತೋರಿಸಿದಳು. ಅವ್ವ ರೇಟು ಕೇಳಿ ಕನ್ನಡಕ ಹಾಕಿಕೊಂಡಳು. ಅಂದಿನಿಂದ ಹರಿದ ಬಟ್ಟೆ ಸಾಲದಾಯಿತು. ಮುಂದೆಂದಾದರೂ ಹರಿಯುವ ಲಕ್ಷಣ ಇರುವ ಬಟ್ಟೆಯೂ ಟ್ರಂಕ್ ಸೇರತೊಡಗಿತು.

ನನ್ನ ನೀಲಿ ಚೌಕಳಿ ಅಂಗಿ ಹೋದದ್ದು ಹಾಗೆ.

"ಅವ್ವಾ, ನನ್ನ ಅಂಗಿ ಎಲ್ಲೈತಿ?"

"ಕಾಲರ್ ಸವದಿತ್ತಲ್ಲೋ. ಕೌದ್ಯಾಗ ಐತಿ. ಚಂದ ಕಾಣತೈತಿ ನೋಡು."

ಚಂದವೇನೋ ಕಾಣುತ್ತಿತ್ತು. ಕಿಸೆಯನ್ನೂ ಬಿಚ್ಚದೆ ಹಾಗೇ ಮೇಲೆ ಹೊಲಿದಿದ್ದಳು. ಡಿಸೈನ್ ಅಂತೆ!

ಆ ಕಿಸೆಯನ್ನು ಮೊದಲು ಗುರುತಿಸಿದವನು ನನ್ನ ಮಗ. ರಾತ್ರಿ ತಿಂದು ಉಳಿದ ಶೇಂಗಾ ಚಿಕ್ಕಿಯನ್ನು ಅದರಲ್ಲಿಟ್ಟು ಮಲಗಿದ. ಮರುದಿನ ಜಮಖಂಡಿಯಿಂದ ಕಾಕಾ ಬಂದರು. ಮನೆಗೆ ಬಂದವರಿಗೆ ಒಳ್ಳೆಯ ಕೌದಿ ಕೊಡಬೇಕಲ್ವಾ? ಕೊಟ್ಟೆವು. ನಡುರಾತ್ರಿ ಕಾಕಾ ಪಡಸಾಲೆಯಲ್ಲಿ ಬನಿಯನ್ ಕಿತ್ತೆಸೆದು ಕುಣಿಯುತ್ತಿದ್ದರು. ಕೆಂಪು ಇರುವೆ. ಕಪ್ಪಿರುವೆ ಆಗಿದ್ದರೆ ಮಾತುಕತೆಯಲ್ಲೇ ಮುಗಿಯುತ್ತಿತ್ತು.

ಬೆಳಿಗ್ಗೆ ಕೌದಿ ತೊಳೆಯುವ ಶಿಕ್ಷೆ ನನ್ನ ಪಾಲಿಗೆ ಬಂತು, ಅಂಗಿ ನನ್ನದೆಂಬ ಒಂದೇ ಕಾರಣಕ್ಕೆ. ನೀರು ಕುಡಿದ ಕೌದಿ ಎತ್ತಲು ಇಬ್ಬರು ಬೇಕು. ಹಿಂಡಲು ಇಡೀ ಓಣಿ ಬೇಕು. ಓಣಿ ಬಂದೇ ಬಂತು. ಹಿಂಡುತ್ತ ಹಿಂಡುತ್ತ ಎಲ್ಲರೂ ಕಿಸೆ ನೋಡಿದರು.

ನಗುತ್ತಾರೆ ಅಂದುಕೊಂಡಿದ್ದೆ. ಬಾಜೂ ಮನೆ ಅಜ್ಜ ತನಗೂ ಒಂದು ಬೇಕೆಂದರು, ಕನ್ನಡಕಕ್ಕೊಂದು ಕಿಸೆ, ಹಲ್ಲಿನ ಸೆಟ್ಟಿಗೊಂದು. ಎದುರು ಮನೆಯವರಿಗೆ ಮೊಬೈಲ್ ಇಡಲು ಬೇಕಂತೆ. ಅವ್ವ ಈಗ ಆರ್ಡರ್ ತಗೊಳ್ಳುತ್ತಾಳೆ. ಸೀರೆಗಳು ಬೇಕಾದಷ್ಟು ಬರುತ್ತಿವೆ, ಕಿಸೆಗಳದ್ದೇ ತೊಂದರೆ. ಹಾಗಾಗಿ ನಮ್ಮ ಓಣಿಯ ಗಂಡಸರು ಅಂಗಿ ಒಣಹಾಕಿದರೆ, ಅದು ಒಣಗುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾರೆ.