ಕೊನೇ ಗಾಡಿ ಯಾರ್ದು?

ಚಳಿಗಾಲ ಬಂತು ಅಂದ್ರೆ ದಾವಣಗೆರೆಲಿ ಬುಲೆಟ್ಟು, ಹಿಮಾಲಯನ್ ಬೈಕು ಇಟ್ಕೊಂಡಿರೋ ಹುಡುಗ್ರ ವಾಟ್ಸಾಪ್ ಗ್ರೂಪಲ್ಲಿ ರಾಜಸ್ಥಾನದ ಮಾತು ಶುರು. ಜೈಸಲ್ಮೇರು, ಸಮ್ ಮರಳುದಿಬ್ಬ, ಪಾಕ್ ಗಡಿ ಹತ್ರದ ತನೋಟ್, ಲೋಂಗೇವಾಲಾ, ಯಾರ್ ಡ್ರೋನ್ ತರ್ತಾರೆ, ಟೀಶರ್ಟ್ ಮೇಲೆ ಏನ್ ಪ್ರಿಂಟ್ ಹಾಕ್ಸೋದು, ಲೀಡರ್ ಯಾರು ಅಂತ ಎರಡ್ ದಿನ ಜಗಳ. ಸಾಲಿನ ಕೊನೇ ಗಾಡಿ ಯಾರ್ದು ಅಂತ ಮಾತ್ರ ಒಬ್ಬನೂ ಕೇಳಲ್ಲ. ನನ್ನ ಕೇಳಿದ್ರೆ ಮೊದ್ಲು ತೀರ್ಮಾನ ಆಗ್ಬೇಕಿರೋದೇ ಅದು.

ಹೋದ ಸಲ ನಾವು ಗಾಡಿ ರೈಲಿಗೆ ಹಾಕಿದ್ವಿ, ಅದಕ್ಕೂ ನಕ್ಕೋರು ಇದಾರೆ, ಓಡ್ಸೋಕಾಗಲ್ವೇನೋ ಅಂತ. ನಗ್ಲಿ ಬಿಡಿ. ಬೆಂಗ್ಳೂರು-ಜೋಧ್‌ಪುರ ರೈಲು ನಮ್ಮೂರ್ ಮೇಲೇ ಹೋಗುತ್ತೆ, ಇಲ್ಲಿನ ಮಾರ್ವಾಡಿ ಅಂಗಡಿಯೋರು ಊರಿಗೆ ಹೋಗೋದು ಅದ್ರಲ್ಲೇ. ಟ್ಯಾಂಕ್ ಖಾಲಿ ಮಾಡಿ, ಗೋಣಿಚೀಲ ಸುತ್ತಿ, ಆರ್‌ಸಿ ಜೆರಾಕ್ಸ್ ಕೊಟ್ಟು ಪಾರ್ಸೆಲ್ ಮಾಡಿದ್ರೆ ಆಯ್ತು. 1,500 ಕಿಲೋಮೀಟರ್ ಮೇಲೆ ಹೈವೇಲಿ ಲಾರಿ ಹಿಂದೆ ಹೊಗೆ ಕುಡ್ಕೊಂಡು ಹೋಗಿ, ಮರಳುಗಾಡು ಬರೋ ಹೊತ್ತಿಗೆ ಸೊಂಟ ಕಳ್ಕೊಂಡಿದ್ರೆ ಏನ್ ಸುಖ ಹೇಳಿ.

ಬಿಸಿಲು ನಮಗೇನ್ ಹೊಸದಾ, ಚಳ್ಳಕೆರೆ ಹಿರಿಯೂರು ಕಡೆ ಏಪ್ರಿಲ್‌ನಲ್ಲಿ ಗಾಡಿ ಓಡಿಸಿದೋರು ನಾವು ಅಂತ ನಮ್ಮೋರು ಹೇಳ್ತಾರೆ. ಅಲ್ಲೇ ಕೆಡೋದು. ಥಾರ್ ಮರಳುಗಾಡಲ್ಲಿ ಗಾಳಿ ಎಷ್ಟು ಒಣ ಅಂದ್ರೆ ಬೆವರು ಬಂದಿದ್ದೇ ಗೊತ್ತಾಗಲ್ಲ, ಹಂಗೇ ಆರಿಹೋಗುತ್ತೆ, ಅದೂ ಡಿಸೆಂಬರ್‌ನಲ್ಲಿ ಬೆಳಿಗ್ಗೆ ಕೈ ಮರಗಟ್ಟೋ ಚಳಿ ಇರೋದ್ರಿಂದ ನೀರು ಕುಡೀಬೇಕು ಅಂತಾನೇ ಅನ್ಸಲ್ಲ, ಮಧ್ಯಾಹ್ನ ತಲೆ ತಿರುಗ್ದಾಗ ನೆನಪಾಗುತ್ತೆ. ಬಾಯಾರ್ಲಿ ಬಿಡ್ಲಿ, ನಿಲ್ಸಿದಾಗೆಲ್ಲ ಎರಡು ಗುಟುಕು ಕುಡೀಬೇಕು, ಒಆರ್‌ಎಸ್ ಪ್ಯಾಕೆಟ್ ಜೇಬಲ್ಲೇ ಇರ್ಬೇಕು.

ರೋಡ್ ಬಗ್ಗೆ ಎಲ್ರೂ ಹೊಗಳ್ತಾರೆ, ನಿಜವಾಗ್ಲೂ ಚೆನ್ನಾಗೈತೆ, ಗಡಿ ಕಡೆ ಹೋಗೋ ರಸ್ತೆ ಗೆರೆ ಎಳ್ದಂಗೆ ನೆಟ್ಟಗೆ. ಜೈಸಲ್ಮೇರ್ ಸುತ್ತ ಕರೆಂಟ್ ಮಾಡೋ ದೊಡ್ಡ ಗಾಳಿ ಫ್ಯಾನು ನೋಡಿದಾಗ ಒಂದ್ ಕ್ಷಣ ಚಿತ್ರದುರ್ಗದ ಗುಡ್ಡದ ಹತ್ರ ಬಂದ್ವೇನೋ ಅನ್ಸುತ್ತೆ. ಆದ್ರೆ ಅದೇ ನುಣ್ಣನೆ ಟಾರ್ ಮೇಲೆ ಗಾಳಿ ಮರಳು ತಂದು ಹಾಸಿರುತ್ತೆ, ದೂರದಿಂದ ಅದು ಬರೀ ಬಣ್ಣ ಬದಲಾದಂಗೆ ಕಾಣುತ್ತೆ. ಎಂಬತ್ತರಲ್ಲಿ ಹೋಗಿ ಅದರೊಳಗೆ ಮುಂದಿನ ಬ್ರೇಕ್ ಹಿಡಿದ್ರೆ ಮುಗೀತು. ಮೊದ್ಲೇ ಸ್ಲೋ ಮಾಡಿ, ಮರಳಿಗೆ ಇಳಿದ್ಮೇಲೆ ಬ್ರೇಕ್ ಮುಟ್ದೆ, ಎದ್ದು ನಿಂತು, ಭಾರ ಹಿಂದಕ್ಕೆ ಬಿಟ್ಟು, ಆಕ್ಸಿಲರೇಟರ್ ಒಂದೇ ಸಮ ಇಟ್ಟು ದೂರ ನೋಡ್ತಾ ದಾಟ್ಬೇಕು, ಹ್ಯಾಂಡಲ್ ಸ್ವಲ್ಪ ಅಲ್ಲಾಡುತ್ತೆ, ಆಡ್ಲಿ ಬಿಡಿ. ದಿಬ್ಬದ ಕಡೆ ಇಳಿಯೋರು ಟೈರ್ ಗಾಳಿ ಕಮ್ಮಿ ಮಾಡ್ಕೊಳ್ತಾರೆ, ಆದ್ರೆ ವಾಪಸ್ ಟಾರ್ ರೋಡಿಗೆ ಬಂದ್ಮೇಲೆ ತುಂಬೋಕೆ ಪಂಪ್ ಯಾರ ಹತ್ರ ಐತೆ ಅಂತ ಮೊದ್ಲು ನೋಡ್ಕೋಬೇಕು.

ಈಗ ವಿಷಯಕ್ಕೆ ಬರ್ತೀನಿ. ಹೈವೇಲಿ ಗ್ರೂಪ್ ಹೋಗೋವಾಗ ಒಬ್ರು ಎಡಕ್ಕೆ ಒಬ್ರು ಬಲಕ್ಕೆ ಅಂತ ಸಾಲು ಹಿಡಿದು ಹೋಗ್ತೀವಿ, ಎಲ್ರೂ ಎಲ್ರಿಗೂ ಕಾಣ್ತಾರೆ. ಮರಳಿನ ದಾರೀಲಿ ಅದು ನಡಿಯಲ್ಲ, ಮುಂದಿನೋನ ಧೂಳು ಹಿಂದಿನೋನ ಕಣ್ಣಿಗೆ, ಅದಕ್ಕೆ ಒಬ್ಬರ ಹಿಂದೆ ಒಬ್ರು, ದೂರ ದೂರ. ದೂರ ಆದಷ್ಟೂ ಯಾರು ಉಳ್ಕೊಂಡ್ರು ಗೊತ್ತಾಗಲ್ಲ. ನಮ್ಮಲ್ಲಿದ್ದ ರೂಲ್ ಒಂದೇ. ಕನ್ನಡೀಲಿ ಹಿಂದಿನ ಗಾಡಿ ಲೈಟ್ ಕಾಣ್ಲಿಲ್ಲ ಅಂದ್ರೆ ಸ್ಲೋ ಮಾಡು, ಆಗ್ಲೂ ಕಾಣ್ಲಿಲ್ಲ ಅಂದ್ರೆ ನಿಲ್ಲು. ನೀನು ನಿಂತ್ರೆ ನಿನ್ನ ಮುಂದಿನೋನಿಗೆ ನಿನ್ನ ಲೈಟ್ ಕಾಣಲ್ಲ, ಅವ್ನೂ ನಿಲ್ತಾನೆ, ಹಿಂಗೇ ಲೀಡರ್ ತನಕ ಸುದ್ದಿ ಹೋಗುತ್ತೆ, ಫೋನೂ ಬೇಡ ನೆಟ್‌ವರ್ಕೂ ಬೇಡ. ಕೊನೇಲಿ ನಮ್ಮ ಗ್ಯಾರೇಜ್ ಅಣ್ಣ, ಪಂಕ್ಚರ್ ಕಿಟ್ಟು, ಏರ್ ಪಂಪು, ಕ್ಲಚ್ ಕೇಬಲ್ ಎಲ್ಲ ಅವ್ರ ಹತ್ರ. ಲೀಡರ್ ಹಿಂದೇನೇ ಎಲ್ರಿಗಿಂತ ನಿಧಾನಕ್ಕೆ ಓಡ್ಸೋ ಹುಡುಗ. ಆ ಪೋರ ಎಷ್ಟರಲ್ಲಿ ಹೋಗ್ತಾನೋ ಎಲ್ರೂ ಅಷ್ಟರಲ್ಲೇ. ಕೆಲವರಿಗೆ ಬೇಜಾರಾಯ್ತು, ಆಗ್ಲಿ.

ರಾಮಗಢ ದಾಟಿ ಲೋಂಗೇವಾಲಾ ಕಡೆ ಹೋಗ್ತಾ ಇದ್ವಿ. ರೋಡ್ ಪಕ್ಕ ಒಂದು ಖೇಜ್ಡಿ ಮರ, ಅದೇ ನಾವು ಶಮಿ ಬನ್ನಿ ಅಂತ ಪೂಜೆ ಮಾಡ್ತೀವಲ್ಲ, ಅದರ ನೆರಳಲ್ಲಿ ಒಬ್ಬ ಹುಡುಗ ಹೆಲ್ಮೆಟ್ ಮೇಲೆ ಕೂತಿದ್ದ. ಯಾವುದೋ ದೊಡ್ಡ ಗ್ರೂಪ್‌ನೋನು, ಕ್ಲಚ್ ಕೇಬಲ್ ಕಟ್ಟಾಗಿ ನಿಂತಿದ್ದ. ಅವ್ನ ನೀರು ಫ್ರೆಂಡ್ ಗಾಡಿ ಬ್ಯಾಗಲ್ಲಿ, ಟೂಲ್ಸ್ ಇನ್ನೊಬ್ಬನ ಹತ್ರ, ಫೋನಲ್ಲಿ ಸಿಗ್ನಲ್ ಇಲ್ಲ. ಅವರೆಲ್ಲ ತನೋಟ್ ಮುಟ್ಟಿದ್ರು. ಅಣ್ಣ ಏನೂ ಕೇಳ್ದೆ ಮೊದ್ಲು ನೀರು ಕೊಟ್ರು, ಆಮೇಲೆ ಅವ್ನ ಗಾಡಿಗೆ ನಮ್ಮ ಕೇಬಲ್ ಹೊಂದಲ್ಲ ಅಂತ ಗೊತ್ತಾಗಿ, ಕಟ್ಟಾಗಿದ್ದ ತುದಿಗೇ ಏನೋ ಸ್ಕ್ರೂ ಹಾಕಿ ಬಿಗಿದು ಓಡೋ ಹಂಗೆ ಮಾಡಿದ್ರು. ತನೋಟಲ್ಲಿ ಅವ್ನ ಗ್ರೂಪ್ ಸಿಕ್ತು. ಗ್ರೂಪ್ ಫೋಟೋಗೆ ನಿಂತಾಗ್ಲೇ ಅಂತೆ ಒಬ್ಬ ಕಮ್ಮಿ ಅಂತ ಗೊತ್ತಾಗಿದ್ದು! ಅದನ್ನೂ ನಗ್ತಾ ಹೇಳಿದ್ರು. ನಂಗೆ ಅಲ್ಲಿ ಬೈಬೇಕು ಅನ್ನಿಸ್ತು, ಆದ್ರೆ ಅದು ದೇವಸ್ಥಾನ, 1965ರ ಯುದ್ಧದಲ್ಲಿ ಬಿದ್ದೂ ಸಿಡೀದೇ ಉಳಿದ ಶೆಲ್‌ಗಳನ್ನ ಇಟ್ಟಿರೋ ಜಾಗ, ನೋಡ್ಕೊಳ್ಳೋರು ಬಿಎಸ್‌ಎಫ್ ಯೋಧರು, ಅವ್ರ ಮುಂದೆ ನಮ್ಮ ಜಗಳ ಯಾಕೆ ಅಂತ ಸುಮ್ನಾದೆ.

ಅವನವನ ರೈಡ್ ಅವನವನ ಜವಾಬ್ದಾರಿ ಅಂತ ಒಂದು ವಾದ ಐತೆ. ಸ್ಪೀಡ್ ವಿಷಯಕ್ಕೆ ಒಪ್ತೀನಿ, ಯಾರೂ ಯಾರನ್ನೂ ಎಳೀಬಾರ್ದು, ಕೈಲಾಗದ ಸ್ಪೀಡಲ್ಲಿ ಹೋಗ್ಬಾರ್ದು. ಆದ್ರೆ ಹಂಗಂದೋರು ಒಬ್ರೇ ಹೋಗ್ಲಿ, ನೀರು, ಟೂಲ್ಸು, ಪೆಟ್ರೋಲು ಎಲ್ಲ ಅವರೇ ಹೊತ್ಕೊಂಡು. ಒಬ್ಬನ ನೀರು ಇನ್ನೊಬ್ಬನ ಬ್ಯಾಗಲ್ಲಿ ಇಟ್ಟ ಮೇಲೆ ಈ ಮಾತು ಆಡೋ ಹಕ್ಕಿಲ್ಲ. ಜೈಸಲ್ಮೇರಿಂದ ತನೋಟ್ 120 ಕಿಲೋಮೀಟರ್ ಹತ್ರ, ಹೋಗಿ ಬರೋಕೆ ಡಬಲ್, ರಾಮಗಢ ದಾಟಿದ್ಮೇಲೆ ಪೆಟ್ರೋಲ್ ಪಂಪ್ ಸಿಗುತ್ತೆ ಅಂತ ನಂಬ್ಕೊಂಡು ಹೋಗ್ಬಾರ್ದು.

ಇನ್ನೊಂದು, ಇಪ್ಪತ್ತು ಇಪ್ಪತ್ತೈದು ಗಾಡಿ ಒಟ್ಟಿಗೆ ಹೋಗೋ ಶೋಕಿ ಬಿಡಿ. ಆರೇಳು ಗಾಡಿ ಸಾಕು, ಜಾಸ್ತಿ ಇದ್ರೆ ಎರಡ್ ಮೂರು ತಂಡ ಮಾಡ್ಕೊಳಿ, ಒಂದೊಂದಕ್ಕೂ ಕೊನೇಲಿ ಒಬ್ಬ ತಾಳ್ಮೆ ಇರೋ ಮನುಷ್ಯ ಇರ್ಲಿ, ಗಾಡಿ ಕೆಲಸ ಬರ್ಲಿ, ರೀಲ್ಸ್ ಹುಚ್ಚು ಇಲ್ದಿರ್ಲಿ. ಅಂಥೋನು ನಿಮ್ಮ ಗ್ರೂಪಲ್ಲಿ ಒಬ್ಬನೂ ಸಿಗ್ಲಿಲ್ಲ ಅಂದ್ರೆ ನಮ್ಮೂರ್ ಪಿಬಿ ರೋಡಲ್ಲಿ ಟೀ ಕುಡ್ದು ಚಿತ್ರದುರ್ಗದ ತನಕ ಹೋಗಿ ಬನ್ನಿ, ಫ್ಯಾನ್ ಅಲ್ಲೂ ತಿರುಗ್ತವೆ.