ಅಭ್ಯರ್ಥಿಯ ಆಯ್ಕೆ ಸಮಾವೇಶದ ಕೈತಪ್ಪಿದ್ದು ಒಳ್ಳೆಯದಾಯಿತೇ?

ಅಮೆರಿಕದ ರಾಜಕೀಯ ಪಕ್ಷಗಳು 1830ರ ದಶಕದಿಂದ ರಾಷ್ಟ್ರೀಯ ಸಮಾವೇಶ ಕರೆದು ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಹೆಸರಿಸುತ್ತ ಬಂದಿವೆ. ಹಿಂದೆ ಅಲ್ಲಿ ನೆರೆದ ಪ್ರತಿನಿಧಿಗಳೇ ಆ ಹೆಸರನ್ನು ತೀರ್ಮಾನಿಸುತ್ತಿದ್ದರು. 1972ರಿಂದೀಚೆಗೆ, ಪಕ್ಷದ ಅಭ್ಯರ್ಥಿ ಯಾರಾಗಬೇಕೆಂದು ಮತದಾರರೇ ಹೇಳುವ, ರಾಜ್ಯಗಳಲ್ಲಿ ನಡೆಯುವ ಪ್ರಾಥಮಿಕ ಚುನಾವಣೆಗಳು ಅದನ್ನು ಮೊದಲೇ ತೀರ್ಮಾನಿಸಿರುತ್ತವೆ. ಸಮಾವೇಶಕ್ಕೆ ಮುದ್ರೆಯೊತ್ತುವ ಕೆಲಸವಷ್ಟೇ ಉಳಿದಿದೆ.

ಪರ

ಹಳೆಯ ಸಮಾವೇಶಗಳನ್ನು ವಿವೇಕಿಗಳ ಸಭೆಯೆಂದು ಕೊಂಡಾಡುವವರು 1924ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಡೆಮಾಕ್ರಟರು ನಡೆಸಿದ ಮತದಾನವನ್ನು ನೆನೆಯಬೇಕು. ಮೂರನೇ ಎರಡರಷ್ಟು ಮತ ಬೇಕೆಂಬ ನಿಯಮವಿದ್ದುದರಿಂದ ಮುಖ್ಯ ಸ್ಪರ್ಧಿಗಳಾದ ಮೆಕಾಡೂ ಆಗಲಿ ಆಲ್ ಸ್ಮಿತ್ ಆಗಲಿ ಗುರಿ ಮುಟ್ಟಲಿಲ್ಲ, ಒಬ್ಬರಿಗೊಬ್ಬರು ದಾರಿ ಬಿಡಲೂ ಇಲ್ಲ. ಪ್ರತಿ ಸುತ್ತಿನ ಆರಂಭದಲ್ಲಿ ಅಲಬಾಮಾದ ಗವರ್ನರ್ ಎದ್ದು, ತಮ್ಮ ರಾಜ್ಯದ 24 ಮತಗಳು ಆಸ್ಕರ್ ಅಂಡರ್‌ವುಡ್‌ಗೆ ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದುದು ರೇಡಿಯೊ ಕೇಳುಗರಿಗೆ ಬಾಯಿಪಾಠವಾಯಿತು. ಕಡೆಗೆ 103ನೇ ಸುತ್ತಿನಲ್ಲಿ, ಎಲ್ಲರೂ ದಣಿದ ಮೇಲೆ, ಜಾನ್ ಡೇವಿಸ್ ಅಭ್ಯರ್ಥಿಯಾದರು ಮತ್ತು ನವೆಂಬರಿನ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಕೂಲಿಡ್ಜ್ ಎದುರು ಹೀನಾಯವಾಗಿ ಸೋತರು.

ಅದನ್ನು ನಕ್ಕು ಮರೆಯಬಹುದು. ಆದರೆ ಸಭಾಂಗಣದಲ್ಲಿ ಕೂರುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಯನ್ನು ಹಾಗೆ ಮರೆಯಲಾಗದು. 1964ರ ಡೆಮಾಕ್ರಟಿಕ್ ಸಮಾವೇಶಕ್ಕೆ ಮಿಸಿಸಿಪ್ಪಿ ರಾಜ್ಯ ಕಳುಹಿಸಿದ ಅಧಿಕೃತ ನಿಯೋಗದಲ್ಲಿದ್ದವರೆಲ್ಲ ಬಿಳಿಯರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ದುಡಿದದ್ದಕ್ಕೆ ತಮ್ಮನ್ನು ಜೈಲಿನಲ್ಲಿ ಥಳಿಸಿದ ಬಗೆಯನ್ನು ಕಪ್ಪು ಜನರ ಹಕ್ಕುಗಳ ಹೋರಾಟಗಾರ್ತಿ ಫ್ಯಾನಿ ಲೂ ಹೇಮರ್ ಸಮಾವೇಶ ನಡೆದ ಅಟ್ಲಾಂಟಿಕ್ ಸಿಟಿಯಲ್ಲಿ ವಿವರಿಸಿದ ಮೇಲೂ, ಅವರ ಪರ್ಯಾಯ ನಿಯೋಗಕ್ಕೆ ಪಕ್ಷ ಕೊಡಲು ಒಪ್ಪಿದ್ದು ಎರಡೇ ಸ್ಥಾನ. ಅವರು ಅದನ್ನು ತಿರಸ್ಕರಿಸಿದರು. ನಾಲ್ಕು ವರ್ಷಗಳ ಬಳಿಕ, ಒಂದೂ ಪ್ರಾಥಮಿಕ ಚುನಾವಣೆಗೆ ಸ್ಪರ್ಧಿಸದ ಹ್ಯೂಬರ್ಟ್ ಹಂಫ್ರಿಯವರನ್ನು ಪಕ್ಷದ ಧಣಿಗಳು ಷಿಕಾಗೊದಲ್ಲಿ ಅಭ್ಯರ್ಥಿಯಾಗಿಸುತ್ತಿದ್ದಾಗ, ಹೊರಗೆ ವಿಯೆಟ್ನಾಂ ಯುದ್ಧದ ವಿರೋಧಿಗಳ ಮೇಲೆ ಪೊಲೀಸರ ಲಾಠಿ ಬೀಸುತ್ತಿದ್ದುದನ್ನು ದೇಶ ಟಿ.ವಿ.ಯಲ್ಲಿ ನೋಡಿತು. ಪ್ರತಿನಿಧಿಗಳ ಆಯ್ಕೆಯ ನಿಯಮ ಬದಲಿಸಲು ಪಕ್ಷ ರಚಿಸಿದ ಮೆಕ್‌ಗವರ್ನ್-ಫ್ರೇಸರ್ ಆಯೋಗದ ಸುಧಾರಣೆಗಳು ಹುಟ್ಟಿದ್ದು ಆ ಅವಮಾನದಿಂದ. ಅವು ಬಂದ ಮೇಲೆ, 1968ರಲ್ಲಿ ಶೇ 13ರಷ್ಟಿದ್ದ ಮಹಿಳಾ ಪ್ರತಿನಿಧಿಗಳ ಪಾಲು 1972ರಲ್ಲಿ ಸುಮಾರು ಶೇ 40ಕ್ಕೇರಿತು. ಕೋಟ್ಯಂತರ ಜನ ಮತಗಟ್ಟೆಗೆ ಬಂದು ಹೇಳುವ ಮಾತನ್ನು ಕೆಲವೇ ಸಾವಿರ ಮಂದಿ ತಳ್ಳಿಹಾಕುವ ಕಾಲಕ್ಕೆ ಮರಳಲು ಯಾರಾದರೂ ಬಯಸುವುದೇಕೆ?

ವಿರೋಧ

1968ರ ತಪ್ಪು ಪ್ರತಿನಿಧಿಗಳನ್ನು ಆರಿಸಿದ ಬಗೆಯಲ್ಲಿತ್ತೇ ಹೊರತು, ಪ್ರತಿನಿಧಿಗಳು ಕೂತು ಸಮಾಲೋಚಿಸುವ ಪದ್ಧತಿಯಲ್ಲಿ ಇರಲಿಲ್ಲ. ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆಯಬೇಕಿದ್ದ ಸುಧಾರಕರು, ಒಳಗೆ ಬಂದವರಿಗೆ ಮಾಡಲು ಕೆಲಸವೇ ಇಲ್ಲದಂತೆ ಮಾಡಿದರು.

ಸಮಾಲೋಚನೆಯ ಶಕ್ತಿ ಏನೆಂಬುದಕ್ಕೆ 1860ರಲ್ಲಿ ಷಿಕಾಗೊದಲ್ಲಿ ನಡೆದ ರಿಪಬ್ಲಿಕನ್ ಸಮಾವೇಶ ಸಾಕ್ಷಿ. ಮೊದಲ ಸುತ್ತಿನಲ್ಲಿ ವಿಲಿಯಂ ಸೀವರ್ಡ್ ಸ್ಪಷ್ಟವಾಗಿ ಮುಂದಿದ್ದರು. ಆದರೆ ಪೆನ್ಸಿಲ್ವೇನಿಯ, ಇಂಡಿಯಾನದಂಥ ರಾಜ್ಯಗಳಲ್ಲಿ ಅವರು ಗೆಲ್ಲುವುದು ಕಷ್ಟವೆಂಬ ಅಳುಕು ರಿಪಬ್ಲಿಕನ್ ಪ್ರತಿನಿಧಿಗಳಲ್ಲಿತ್ತು. ಮಾತುಕತೆ, ಲೆಕ್ಕಾಚಾರ, ಒಂದಿಷ್ಟು ಕೊಡು-ಕೊಳ್ಳುವಿಕೆ ಎಲ್ಲ ನಡೆದು, ಮೂರನೇ ಸುತ್ತಿನಲ್ಲಿ ಹಲವರ ಎರಡನೇ ಆಯ್ಕೆಯಾಗಿದ್ದ ಅಬ್ರಹಾಂ ಲಿಂಕನ್ ಗೆದ್ದರು. ಪ್ರಾಥಮಿಕ ಚುನಾವಣೆಯ ಮತದಾರನಿಗೆ ಇಂಥ ಅವಕಾಶವಿಲ್ಲ. ಅವನು ಸಾಮಾನ್ಯವಾಗಿ ಒಂದು ಹೆಸರಿಗೆ ಗುರುತು ಹಾಕಬಹುದೇ ವಿನಾ, ಅದು ಆಗದಿದ್ದರೆ ಯಾರು ಎಂದು ಹೇಳಲಾರ. ಆ ಚುನಾವಣೆಗಳಲ್ಲಿ ಮತ ಹಾಕುವವರೂ ನವೆಂಬರಿನ ಮತದಾರರಿಗಿಂತ ಬಹಳ ಕಡಿಮೆ.

ಡೆಮಾಕ್ರಟರಿಗೆ ಈ ಕೊರತೆ ಬೇಗನೆ ಅರಿವಾಯಿತು. ಪಕ್ಷದ ಸಂಸದರು, ಗವರ್ನರುಗಳು ಮೊದಲಾದವರಿಗೆ 1984ರಿಂದ ಸಮಾವೇಶದಲ್ಲಿ ನೇರ ಸ್ಥಾನ ಸಿಕ್ಕಿತು; 2018ರಲ್ಲಿ, ಪೈಪೋಟಿ ಇರುವಾಗ ಅವರು ಮೊದಲ ಸುತ್ತಿನಲ್ಲಿ ಮತ ಹಾಕದಂತೆ ನಿಯಮ ಬದಲಾಯಿತು. ಒಂದಕ್ಕಿಂತ ಹೆಚ್ಚು ಸುತ್ತಿನ ಮತದಾನ ಕಡೆಯದಾಗಿ ನಡೆದದ್ದು 1952ರಲ್ಲಾದ್ದರಿಂದ, ಆ ಮತ ಇದ್ದೂ ಇಲ್ಲದಂತೆ. ಸಮಾವೇಶದ ಇನ್ನೊಂದು ಕೆಲಸವೂ ಸೊರಗಿತು: 2020ರಲ್ಲಿ ರಿಪಬ್ಲಿಕನ್ನರು ಹೊಸ ನೀತಿ ಪ್ರಣಾಳಿಕೆಯನ್ನೂ ಬರೆಯಲಿಲ್ಲ.

ಈ ಪದ್ಧತಿ ನಿಜವಾಗಿ ಪರೀಕ್ಷೆಗೊಳಗಾದದ್ದು 2024ರಲ್ಲಿ. ಜುಲೈ 21ರಂದು ಜೋ ಬೈಡನ್ ಕಣದಿಂದ ಹಿಂದೆ ಸರಿದಾಗ, ಅವರಿಗಾಗಿ ಆಯ್ಕೆಯಾಗಿದ್ದ ಪ್ರತಿನಿಧಿಗಳು ದಶಕಗಳ ಬಳಿಕ ಮೊದಲ ಬಾರಿಗೆ ತಮ್ಮ ವಿವೇಚನೆಯಂತೆ ಆರಿಸಲು ಸ್ವತಂತ್ರರಾದರು. ಇಬ್ಬರು ಮೂವರನ್ನು ಎದುರಿಗೆ ನಿಲ್ಲಿಸಿ ಪ್ರಶ್ನಿಸಲು ಕಾಲ ಕಡಿಮೆಯಿತ್ತು, ನಿಜ; ಆದರೆ ಅಂಥ ಇಚ್ಛೆಯೂ ಕಾಣಲಿಲ್ಲ. ಎರಡು ದಿನ ಕಳೆಯುವುದರೊಳಗೆ ಅಗತ್ಯ ಸಂಖ್ಯೆಯ ಪ್ರತಿನಿಧಿಗಳು ಕಮಲಾ ಹ್ಯಾರಿಸ್ ಅವರಿಗೆ ಬೆಂಬಲ ಸಾರಿದರು. ಆಗಸ್ಟ್ ಆರಂಭದಲ್ಲಿ ಆನ್‌ಲೈನ್ ಮತದಾನವೂ ಮುಗಿಯಿತು. ಅದೇ ತಿಂಗಳ 19ರಂದು ಷಿಕಾಗೊದಲ್ಲಿ ಸಮಾವೇಶ ಸೇರಿದಾಗ ರಾಜ್ಯಗಳನ್ನು ಒಂದೊಂದಾಗಿ ಕರೆದು ಮತ ಕೇಳುವ ಕ್ರಮವನ್ನು ಮತ್ತೊಮ್ಮೆ ವಿಧ್ಯುಕ್ತವಾಗಿ ನಡೆಸಲಾಯಿತು; ಒಂದೊಂದು ರಾಜ್ಯದ ಸರದಿ ಬಂದಾಗಲೂ ಡಿಜೆ ಒಂದೊಂದು ಹಾಡು ಹಾಕಿದರು.